ಔರಾದಿನ ಹೊಲದಲ್ಲಿ ನಿಂತಿರುವುದು ಯಾವ ಜಿಂಕೆ?

‘ನಮ್ಮ ಜಿಲ್ಲಾದಾಗ ಜಿಂಕಿ ಭಾಳ ಆಗ್ಯಾವ.’ ಈ ಮಾತನ್ನು ಭಾಲ್ಕಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೇಳಿದ್ದೇನೆ. ಬೀದರಿನ ಗಾಂಧಿಗಂಜಿನಲ್ಲಿ ಸೋಯಾ ಚೀಲ ಇಳಿಸುವವರ ಬಾಯಲ್ಲಿ ಕೇಳಿದ್ದೇನೆ. ಔರಾದಿನ ಕಡೆ ಹೋದಾಗಲಂತೂ ಇದನ್ನು ಕೇಳದೆ ತಿರುಗಿ ಬಂದದ್ದಿಲ್ಲ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಮಿರಗದ ಮಳೆ ಬಿದ್ದು, ಸೋಯಾ, ಹೆಸರು, ಉದ್ದು ಎರಡೆಲೆ ಒಡೆಯುವ ಹೊತ್ತಿಗೆ ನಸುಕಿನಲ್ಲಿ ಹೋಗಿ ನೋಡಿದರೆ ಹೊಲದ ನಡುವೆ ಹಿಂಡು ನಿಂತಿರುತ್ತದೆ. ಕಪ್ಪು ಬೆನ್ನಿನ ಒಂದೆರಡು ಗಂಡು, ಉಳಿದವು ಕಂದು ಬಣ್ಣದವು. ಹೋದ ವರ್ಷ ಸಂತಪುರದ ಹತ್ತಿರ ಬದುವಿನ ಮೇಲೆ ಕುಳಿತಿದ್ದ ಹಿರಿಯ ರೈತರೊಬ್ಬರನ್ನು ಮಾತಾಡಿಸಿದೆ. “ಕಾಕಾ, ಎಷ್ಟು ಹಾಳಾಗ್ಯದ?” ಎಂದರೆ, “ಹಾಳಾಗಿದ್ದು ಎಣಿಸ್ತಾ ಕುಂತ್ರ ಆಗಂಗಿಲ್ರಿ, ಮತ್ತ ಬಿತ್ತಬೇಕು. ಬೀಜದ ರೊಕ್ಕ ಯಾರು ಕೊಡ್ತಾರ?” ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಈ ಲೇಖನ ಆ ರೈತರ ವಿರುದ್ಧ ಅಲ್ಲ. ಅವರ ನಷ್ಟವನ್ನು ಮುಂದಿಟ್ಟುಕೊಂಡು ನಾವೆಲ್ಲ ಕಟ್ಟಿಕೊಂಡಿರುವ ತಿಳಿವಳಿಕೆಯ ವಿರುದ್ಧ.

ಆ ತಿಳಿವಳಿಕೆ ಹೀಗಿದೆ: ಜಿಂಕೆ ಅಂದರೆ ಜಿಂಕೆ, ಎಲ್ಲ ಒಂದೇ. ಅವು ಹೆಚ್ಚಾಗಿವೆ. ಜಗತ್ತಿನ ಪಟ್ಟಿಯಲ್ಲೂ ಅವುಗಳ ಬಗ್ಗೆ ಚಿಂತೆ ಬೇಕಿಲ್ಲ ಎಂದೇ ಬರೆದಿದೆ. ಕಾಡಿಲ್ಲದ್ದಕ್ಕೆ ಹೊಲಕ್ಕೆ ಬರುತ್ತವೆ, ಆದ್ದರಿಂದ ಬೋಳು ಜಮೀನಿನಲ್ಲಿ ಗಿಡ ನೆಟ್ಟು ಕಾಡು ಬೆಳೆಸಿದರೆ ಅವೂ ಉಳಿಯುತ್ತವೆ, ಬೆಳೆಯೂ ಉಳಿಯುತ್ತದೆ. ಕೇಳಲು ಹಿತವಾಗಿದೆ. ಕಾಳಜಿಯುಳ್ಳವರೇ ಹೇಳುವ ಮಾತು. ಆದರೆ ಮೊದಲ ಪದದಿಂದಲೇ ಇದು ದಾರಿ ತಪ್ಪಿದೆ ಎಂದು ನನಗನಿಸುತ್ತದೆ.

ಬಂಡೀಪುರದಲ್ಲಿ ಜೀಪಿನಿಂದ ಕಾಣುವ ಚುಕ್ಕೆ ಜಿಂಕೆಗೆ ಕವಲೊಡೆದ ಕೊಂಬು. ಅದು ಉದುರುತ್ತದೆ, ಮತ್ತೆ ಚಿಗುರುತ್ತದೆ. ಅದು ನೆರಳಿನ ಪ್ರಾಣಿ, ಕಾಡಂಚಿನ ಪ್ರಾಣಿ. ನಮ್ಮ ಹೊಲದಲ್ಲಿ ನಿಂತಿರುವುದು ಆ ಬಳಗದ್ದಲ್ಲ. ಅದು ಕೃಷ್ಣಮೃಗ, ಉತ್ತರ ಕರ್ನಾಟಕದ ಬಾಯಲ್ಲಿ ಚಿಗರಿ. ಆಡು, ಕುರಿ, ಎತ್ತುಗಳ ದೊಡ್ಡ ಕುಟುಂಬಕ್ಕೆ ಸೇರಿದ ಹುಲ್ಲೆ. ತಿರುಪಿನಂತೆ ಸುತ್ತಿ ಮೇಲೇರುವ ಅದರ ಕೋಡು ಬದುಕಿಡೀ ಉದುರುವುದಿಲ್ಲ. ಹುಲ್ಲು ಮೇಯುವುದು, ಬಟಾಬಯಲಿನಲ್ಲಿ ಹಿಂಡಾಗಿ ನಿಲ್ಲುವುದು, ದೂರದಿಂದಲೇ ವೈರಿಯನ್ನು ಕಣ್ಣಿನಿಂದ ಪತ್ತೆ ಹಚ್ಚಿ ಓಡುವುದು, ಅದರ ಬದುಕೆಲ್ಲ ಇಷ್ಟೇ. ಕಣ್ಣಿಗೆ ಅಡ್ಡ ಬರುವ ಯಾವುದೂ ಅದಕ್ಕೆ ಆಗಿಬರದು. ತೊಗರಿ ಎದೆಯೆತ್ತರ ಬೆಳೆದಾಗ, ಕಬ್ಬು ಗೋಡೆಯಂತೆ ನಿಂತಾಗ ಅದು ಅದರೊಳಗೆ ಹೊಕ್ಕು ಅಡಗುವುದಿಲ್ಲ. ಬಯಲನ್ನು ಹುಡುಕಿಕೊಂಡು ಹೋಗುತ್ತದೆ.

ಇದರ ಹತ್ತಿರದ ನೆಂಟ ಚಿಂಕಾರ. ಎರಡೂ ಗೆಜೆಲ್ ಬಳಗದವು. ವಂಶವಾಹಿ ನೋಡಿ ಹೇಳುವವರು ಕೃಷ್ಣಮೃಗವನ್ನು ಗೆಜೆಲ್‌ಗಳ ನಡುವೆಯೇ ಕೂರಿಸುತ್ತಾರೆ. ಹಾಗಂತ ಎರಡರದೂ ಒಂದೇ ಬದುಕಲ್ಲ. ಗಂಡು ಕೃಷ್ಣಮೃಗ 40 ಕಿಲೋದ ಆಸುಪಾಸು ತೂಗಿದರೆ ಚಿಂಕಾರ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ. ಕೃಷ್ಣಮೃಗ ಹಿಂಡಿನ ಪ್ರಾಣಿ, ಚಿಂಕಾರ ಎರಡು, ಮೂರು, ಹೆಚ್ಚೆಂದರೆ ನಾಲ್ಕೈದರ ಸಂಸಾರ. ಒಂದು ಹುಲ್ಲು ಮೇಯುತ್ತದೆ, ಇನ್ನೊಂದು ಪೊದೆಯ ಎಲೆ, ಚಿಗುರು, ಕಾಯಿಯನ್ನು ಹೆಚ್ಚು ನೆಚ್ಚುತ್ತದೆ. ಬೇಸಿಗೆಯಲ್ಲಿ ಕೃಷ್ಣಮೃಗಕ್ಕೆ ನೀರು ಬೇಕೇ ಬೇಕು. ಚಿಂಕಾರ ಎಲೆಯ ತೇವ, ಇಬ್ಬನಿಯಲ್ಲೇ ಎಷ್ಟೋ ದಿನ ತಳ್ಳುತ್ತದೆ. ಒಂದು ಬಯಲಿನದು, ಇನ್ನೊಂದು ಕುರುಚಲು, ಕಲ್ಲುಗುಡ್ಡ, ಹಳ್ಳದ ಕೊರಕಲಿನದು. ಮನುಷ್ಯನನ್ನು ಕಂಡರೆ ಕೃಷ್ಣಮೃಗ ಓಡಿ, ದೂರದಲ್ಲಿ ನಿಂತು ತಿರುಗಿ ನೋಡುತ್ತದೆ. ಚಿಂಕಾರ ನೆಲಕ್ಕೆ ಕಾಲು ಬಡಿದು, ಸೀನಿದಂತೆ ಸದ್ದು ಮಾಡಿ, ಕಣ್ಮರೆಯಾಗುತ್ತದೆ.

ಇನ್ನೂ ಒಂದು ವ್ಯತ್ಯಾಸವಿದೆ, ನನ್ನ ವಾದಕ್ಕೆ ಅದೇ ಮುಖ್ಯ. ಹೆಣ್ಣು ಕೃಷ್ಣಮೃಗಕ್ಕೆ ಕೋಡಿಲ್ಲ. ಹೆಣ್ಣು ಚಿಂಕಾರಕ್ಕೆ ಇದೆ, ಚಿಕ್ಕದು, ನೆಟ್ಟಗಿನದು. ಚಿಂಕಾರದ ಬಾಲ ಕಪ್ಪು, ಸುಮ್ಮನೆ ನಿಲ್ಲದೆ ಆಡುತ್ತಲೇ ಇರುತ್ತದೆ. ಮುಖದ ಮೇಲೆ ಕಣ್ಣಿನಿಂದ ಮೂತಿಗೆ ಇಳಿಯುವ ಗೆರೆಗಳು. ಕೃಷ್ಣಮೃಗಕ್ಕೆ ಕಣ್ಣ ಸುತ್ತ ಬಿಳಿ ಉಂಗುರ. ಇದನ್ನೆಲ್ಲ ಗಮನಿಸದವರಿಗೆ ಕುರುಚಲಿನಲ್ಲಿ ಕಂಡ ಕಂದು ಬಣ್ಣದ ಸಣ್ಣ ಪ್ರಾಣಿ ‘ಹೆಣ್ಣು ಜಿಂಕೆ’ ಅಷ್ಟೇ. ಕಪ್ಪು ಗಂಡು ಕಂಡರೆ ಕೃಷ್ಣಮೃಗ, ಉಳಿದದ್ದೆಲ್ಲ ಜಿಂಕೆ ಎಂಬುದು ಬೀದರಿನಿಂದ ಚಾಮರಾಜನಗರದವರೆಗೆ ನಮ್ಮ ರೂಢಿ. 1998ರ ಜೋಧಪುರದ ಬೇಟೆ ಪ್ರಕರಣಗಳನ್ನೇ ನೋಡಿ. ಅಲ್ಲಿ ಚಿಂಕಾರ ಕೊಂದ ಆರೋಪ ಬೇರೆ, ಕೃಷ್ಣಮೃಗ ಕೊಂದ ಆರೋಪ ಬೇರೆ. ಕೋರ್ಟಿನಲ್ಲಿ ಅವು ಬೇರೆ ಬೇರೆ ಕಡತ, ಬೇರೆ ಬೇರೆ ತೀರ್ಪು. ನಮ್ಮ ಮಾತಿನಲ್ಲಿ ಮಾತ್ರ ಎಲ್ಲ ಸೇರಿ ‘ಜಿಂಕೆ ಕೇಸು’.

ಹೆಸರಿನ ವಿಷಯಕ್ಕೆ ಇಷ್ಟೇಕೆ ಹಟ ಎನ್ನಬಹುದು. ಹೆಸರು ಕೂಡಿಕೊಂಡಲ್ಲಿ ಪ್ರಾಣಿ ಕಳೆದುಹೋಗುತ್ತದೆ ಎಂಬುದಕ್ಕೆ ಎರಡು ಕಥೆಗಳಿವೆ. ಎರಡೂ ಮೀನಿನವು.

ಮೊದಲನೆಯದು ಯುರೋಪಿನದು. ನಮ್ಮ ಕರಾವಳಿಯವರು ತೊರಕೆ ಎನ್ನುವ ಚಪ್ಪಟೆ ಮೀನಿನ ದೂರದ ನೆಂಟನಾದ ಸ್ಕೇಟ್ ಅಲ್ಲಿಯ ಸಮುದ್ರದಲ್ಲಿದೆ. 1926ರಲ್ಲಿ ಒಬ್ಬ ವಿಜ್ಞಾನಿ ಎರಡು ಬಗೆಯ ಸ್ಕೇಟ್‌ಗಳನ್ನು ಒಂದೇ ಎಂದು ಸೇರಿಸಿಬಿಟ್ಟ. ‘ಸಾಮಾನ್ಯ ಸ್ಕೇಟ್’ ಎಂಬ ಹೆಸರೇ ಗಟ್ಟಿಯಾಯಿತು. ಎಂಬತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿದದ್ದು, ಮಾರಿದ್ದು, ಎಣಿಸಿದ್ದು ಎಲ್ಲ ಒಂದೇ ಹೆಸರಿನಲ್ಲಿ. 2010ರ ಸುಮಾರಿಗೆ ಫ್ರಾನ್ಸಿನ ಸಂಶೋಧಕರು ಇವು ಎರಡು ಜಾತಿ ಎಂದು ತೋರಿಸಿಕೊಟ್ಟರು: ಎರಡು ಮೀಟರ್ ದಾಟಿ ಬೆಳೆಯುವ, ತಡವಾಗಿ ಮರಿಗೆ ಬರುವ ಫ್ಲಾಪರ್ ಸ್ಕೇಟ್ ಒಂದು, ಅದಕ್ಕಿಂತ ಚಿಕ್ಕದಾದ ನೀಲಿ ಸ್ಕೇಟ್ ಇನ್ನೊಂದು. ತಡವಾಗಿ ಬೆಳೆಯುವ ದೊಡ್ಡ ಮೀನು ಬಲೆಯ ಹೊಡೆತಕ್ಕೆ ಬೇಗ ಖಾಲಿಯಾಗುತ್ತದೆ. ಅದು ಖಾಲಿಯಾಗುತ್ತಿದ್ದುದು ಲೆಕ್ಕದಲ್ಲಿ ಕಾಣಲಿಲ್ಲ, ಏಕೆಂದರೆ ಲೆಕ್ಕದಲ್ಲಿ ಇದ್ದದ್ದು ಒಂದೇ ಕಲಂ. ಇಂದು ಫ್ಲಾಪರ್ ಸ್ಕೇಟ್ ಅಳಿವಿನ ತೀರ ಅಂಚಿನಲ್ಲಿದೆ.

ಎರಡನೆಯ ಕಥೆ ನಮ್ಮ ಕಾವೇರಿಯದು, ನನ್ನನ್ನು ಹೆಚ್ಚು ಕಾಡಿದ್ದು. ಕಾವೇರಿಯ ದೊಡ್ಡ ಮಹಶೀರ್, ಬೆನ್ನು ಡುಬ್ಬದಂತೆ ಉಬ್ಬಿದ, ಕಿತ್ತಳೆ ರೆಕ್ಕೆಯ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡು ತೂಗಿತ್ತು. ಗಾಳದವರ ಲೋಕದಲ್ಲಿ ಅದು ಇಂದಿಗೂ ದೊಡ್ಡ ದಾಖಲೆ. ಮಹಶೀರ್ ಉಳಿಸಬೇಕು ಎಂದು ಲೋಣಾವಳದ ಮರಿಕೇಂದ್ರದಲ್ಲಿ ಮರಿ ಮಾಡಿ ನದಿಗಳಿಗೆ ಬಿಟ್ಟರು. ಒಳ್ಳೆಯ ಉದ್ದೇಶ, ದಶಕಗಳ ದುಡಿಮೆ. ಆದರೆ ಬಿಟ್ಟದ್ದು ನೀಲಿ ರೆಕ್ಕೆಯ ಮಹಶೀರ್, ಕೃಷ್ಣಾ ಕೊಳ್ಳದ ಮೀನು. ಅದು ಕಾವೇರಿಯಲ್ಲಿ ಹೊಂದಿಕೊಂಡು ಹೆಚ್ಚಿತು. ಕಾವೇರಿ ದಂಡೆಯ ಗಾಳಿಬೋರೆಯ ಗಾಳದವರ ದಾಖಲೆಗಳನ್ನು ಕೂಡಿಹಾಕಿ 2015ರಲ್ಲಿ ಸಂಶೋಧಕರು ನೋಡಿದಾಗ ನೀಲಿ ರೆಕ್ಕೆಯದು ಏರುತ್ತ, ಡುಬ್ಬದ ಮಹಶೀರ್ ಕುಸಿಯುತ್ತ ಹೋದದ್ದು ಕಂಡಿತು. ನದಿಯಲ್ಲಿ ಮಹಶೀರ್ ಹೆಚ್ಚಾಗಿವೆ ಎಂದು ನೋಡಿದವರು ಹೇಳುತ್ತಿದ್ದ ಮಾತು ನಿಜವೇ ಆಗಿತ್ತು. ಕಾವೇರಿಯದೇ ಆದ ಮಹಶೀರ್ ಮುಗಿಯುತ್ತಿತ್ತು ಎಂಬುದೂ ಅಷ್ಟೇ ನಿಜ. 2018ರಲ್ಲಿ ಅದು ಅಳಿವಿನ ಅಪಾಯ ಅಳೆಯುವ ಜಾಗತಿಕ ಪಟ್ಟಿಯಾದ ಐಯುಸಿಎನ್ ಕೆಂಪು ಪಟ್ಟಿಯ ಅತಿ ಗಂಭೀರ ಅಪಾಯದ ಸಾಲು ಸೇರಿತು. ನೀಲಿ ರೆಕ್ಕೆಯದು ಚಿಂತೆ ಬೇಡದ ಸಾಲಿಗೆ ಇಳಿಯಿತು.

ಈಗ ಬೀದರಿಗೆ ಬರೋಣ. ಕೃಷ್ಣಮೃಗ, ಚಿಂಕಾರ ಎರಡೂ ಅದೇ ಕೆಂಪು ಪಟ್ಟಿಯಲ್ಲಿ ‘ಕನಿಷ್ಠ ಕಾಳಜಿ’ಯ ಸಾಲಿನಲ್ಲಿವೆ. ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಕಾಗದ ನೋಡಿದವರಿಗೆ ಅವಳಿ ಜವಳಿ. ಆದರೆ ಆ ಅಂಕ ಎಲ್ಲಿಂದ ಬಂತು? ಭಾರತದಲ್ಲಿ ಚಿಂಕಾರ ಸುಮಾರು ಒಂದು ಲಕ್ಷ ಎಂಬುದು 2001ರ ಅಂದಾಜು. ಅದರಲ್ಲಿ 80,000ದಷ್ಟು ಥಾರ್ ಮರುಭೂಮಿಯಲ್ಲೇ. ಬಿಷ್ಣೋಯಿ ಸಮುದಾಯದ ಊರುಗಳಲ್ಲಿ ಮನೆಯಂಗಳದವರೆಗೆ ಬರುವ, ಹೆಂಗಸರು ಮಕ್ಕಳಂತೆ ಸಾಕುವ ಚಿಂಕಾರಗಳು ಆ ಲೆಕ್ಕವನ್ನು ಎತ್ತಿ ನಿಲ್ಲಿಸಿವೆ. ಐದರಲ್ಲಿ ನಾಲ್ಕು ಪಾಲು ರಾಜಸ್ಥಾನದ ಕಡೆಯದಾದರೆ ದಖ್ಖನ್ನಿನ ಪಾಲು ಎಷ್ಟು ಚಿಕ್ಕದು ಎಂದು ಯಾರಾದರೂ ಊಹಿಸಬಹುದು. ಥಾರಿನ ಸಮೃದ್ಧಿಯಿಂದ ಬಂದ ‘ಚಿಂತೆ ಬೇಡ’ ಎಂಬ ಚೀಟಿಯನ್ನು ನಾವು ಇಲ್ಲಿ ಅಂಟಿಸಿಕೊಂಡು ಕೂತಿದ್ದೇವೆ.

ಇದರಲ್ಲಿ ನೋವಿನ ಸಂಗತಿಯೊಂದಿದೆ. ವಿಜ್ಞಾನ ಚಿಂಕಾರವನ್ನು ಮೊದಲು ಹೆಸರಿಸಿದ್ದು ಥಾರಿನಿಂದಲ್ಲ, ದಖ್ಖನ್ನಿನಿಂದ. ಮುಂಬಯಿ ಸರಕಾರದ ಅಂಕಿಅಂಶಗಳ ಅಧಿಕಾರಿಯಾಗಿ ದಖ್ಖನ್ ಸುತ್ತಿದ ವಿಲಿಯಂ ಹೆನ್ರಿ ಸೈಕ್ಸ್ ಎಂಬ ಸೈನಿಕ 1831ರಲ್ಲಿ ಅದನ್ನು ವರ್ಣಿಸಿದ. ಮೇಲೆ ಹೇಳಿದ ನೀಲಿ ರೆಕ್ಕೆಯ ಮಹಶೀರನ್ನು 1839ರಲ್ಲಿ ಹೆಸರಿಸಿದವನೂ ಅವನೇ. ನಮ್ಮ ಪ್ರಸ್ಥಭೂಮಿಯ ಕಲ್ಲುಗುಡ್ಡಗಳಲ್ಲಿ ಹೆಸರು ಪಡೆದ ಪ್ರಾಣಿಯನ್ನು ಇಂದು ಕರ್ನಾಟಕದವರು ನೋಡಬೇಕೆಂದರೆ ಬಾಗಲಕೋಟೆಯ ಯಡಹಳ್ಳಿಗೆ ಹೋಗಬೇಕು, ಇಲ್ಲವೇ ತುಮಕೂರಿನ ಬುಕ್ಕಾಪಟ್ಟಣಕ್ಕೆ. 2016ರಲ್ಲಿ ಯಡಹಳ್ಳಿ, 2019ರಲ್ಲಿ ಬುಕ್ಕಾಪಟ್ಟಣ ಚಿಂಕಾರದ ಹೆಸರಿನಲ್ಲಿ ಅಭಯಾರಣ್ಯಗಳಾದವು. ಅವನ್ನು ಮಾಡಿದವರಿಗೆ ನಾನು ಋಣಿ. ಅವರು ಪ್ರಾಣಿಯನ್ನು ಅದರ ಹೆಸರು ಹಿಡಿದು ಕರೆದರು, ಅದಕ್ಕೆ ಬೇಕಾದ ಕುರುಚಲನ್ನು ಕುರುಚಲಾಗಿಯೇ ಉಳಿಸಲು ಹೊರಟರು.

ಇನ್ನು ‘ಹೆಚ್ಚಾಗಿವೆ’ ಎಂಬ ಮಾತು. ಇದರಲ್ಲಿ ನಿಜವಿದೆ, ಅದನ್ನು ಮೊದಲು ಒಪ್ಪಿಕೊಳ್ಳಬೇಕು. ಕೃಷ್ಣಮೃಗ ಒಂದು ಕಾಲಕ್ಕೆ ಮುಗಿದೇ ಹೋಗುವ ಹಾದಿಯಲ್ಲಿತ್ತು. ರಾಜರು, ನವಾಬರು ಚೀತಾ ಸಾಕಿ ಅದರ ಬೇಟೆಯಾಡಿದರು. ಬಂದೂಕು, ಜೀಪು ಬಂದ ಮೇಲೆ ಕೊಲ್ಲುವುದು ಇನ್ನೂ ಸುಲಭವಾಯಿತು. 1947ರಲ್ಲಿ ದೇಶದಲ್ಲಿ 80,000 ಇದ್ದವು, 1964ರ ಹೊತ್ತಿಗೆ 8,000ಕ್ಕೆ ಇಳಿದವು ಎಂಬ ಅಂದಾಜು ಇದೆ. 1972ರ ಕಾಯ್ದೆ ಬಂದು, ಬೇಟೆ ನಿಂತು, ಅವು ಚೇತರಿಸಿಕೊಂಡವು. ಕೆಂಪು ಪಟ್ಟಿಯಲ್ಲಿ 2003ರಿಂದ ‘ಅಪಾಯದ ಸಮೀಪ’ ಎಂದಿದ್ದದ್ದು 2017ರಲ್ಲಿ ‘ಕನಿಷ್ಠ ಕಾಳಜಿ’ ಆಯಿತು. ಸಂತೋಷದ ಸುದ್ದಿಯೇ. ಆದರೆ ಪಾಕಿಸ್ತಾನದಲ್ಲಿ, ಬಾಂಗ್ಲಾದೇಶದಲ್ಲಿ ಕಾಡಿನ ಕೃಷ್ಣಮೃಗ ಅಳಿದುಹೋಯಿತು ಎಂಬುದು ಅದೇ ಪಟ್ಟಿಯ ಇನ್ನೊಂದು ಸಾಲು. ಒಂದು ದೇಶದಲ್ಲಿ ಚೇತರಿಕೆ, ಪಕ್ಕದಲ್ಲಿ ನಿರ್ನಾಮ, ಎರಡೂ ಒಂದೇ ಅಂಕದ ಕೆಳಗೆ ಕೂರಬಲ್ಲವು. ಜಾಗತಿಕ ಅಂಕ ಔರಾದ್ ತಾಲ್ಲೂಕಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಹೊಲದಲ್ಲಿ ಹೆಚ್ಚು ಕಾಣುವುದೂ ಸಂಖ್ಯೆ ಹೆಚ್ಚುವುದೂ ಒಂದೇ ಅಲ್ಲ. ನಮ್ಮ ಊರುಗಳ ಸುತ್ತ ಗಾಯರಾಣ ಇರುತ್ತಿತ್ತು, ದನ ಮೇಯುವ ಸರಕಾರಿ ಜಮೀನು. ಖಾರಿಜ್ ಖಾತಾ, ಅಂದರೆ ಯಾರ ಖಾತೆಗೂ ಸೇರದ ಸರಕಾರಿ ಜಮೀನು ಇರುತ್ತಿತ್ತು. ಬಿತ್ತದೆ ಬಿಟ್ಟ ಬೀಳು ಇರುತ್ತಿತ್ತು. ಬೀದರಿನ ಜಾಂಬಿಟ್ಟಿಗೆ ದಿಬ್ಬಗಳ ಮೇಲೆ ಮಣ್ಣು ತೆಳು, ಅಲ್ಲಿ ಮರಕ್ಕಿಂತ ಹುಲ್ಲು ಚೆನ್ನಾಗಿ ಬರುತ್ತದೆ. ಮಾಂಜ್ರಾ ದಂಡೆಯಿಂದ ಮೇಲೇರುವ ಎರೆಹೊಲಗಳ ನಡುವೆ ಇಂಥ ತುಂಡು ತುಂಡು ಹುಲ್ಲು ಹರಡಿತ್ತು. ಗಾಯರಾಣ ನಿವೇಶನವಾಯಿತು, ಗುಡಿಯಾಯಿತು, ಶಾಲೆಯಾಯಿತು, ಅವರಿವರ ಸಾಗುವಳಿಯಾಯಿತು. ಕಾರಂಜಾ ನೀರು ಬಂದಲ್ಲಿ, ಕೊಳವೆಬಾವಿ ಬಿದ್ದಲ್ಲಿ ಕಬ್ಬು ಬಂತು. ಜೋಳದ ಜಾಗಕ್ಕೆ ಸೋಯಾ ಬಂತು. ಇದಕ್ಕೆ ನಾನು ಯಾರನ್ನೂ ದೂರುವುದಿಲ್ಲ, ಹೊಟ್ಟೆಪಾಡು. ಆದರೆ ಹುಲ್ಲು ಹೋದ ಮೇಲೆ ಹುಲ್ಲೆ ಎಲ್ಲಿಗೆ ಹೋಗಬೇಕು? ಹಿಂಡಾಗಿ ಬದುಕುವ, ಎಳೆ ಪೈರನ್ನು ಹುಲ್ಲಿನಂತೆಯೇ ಮೇಯಬಲ್ಲ ಕೃಷ್ಣಮೃಗ ಹೊಲಕ್ಕೆ ಇಳಿಯಿತು, ನಮ್ಮ ಕಣ್ಣಿಗೆ ಬಿತ್ತು. ನಾವು ಹೆಚ್ಚಾಗಿವೆ ಅಂದೆವು. ಕುರುಚಲನ್ನು ನೆಚ್ಚಿದ, ನಾಚಿಕೆಯ, ಒಂದೆರಡಾಗಿ ಓಡಾಡುವ ಚಿಂಕಾರಕ್ಕೆ ಹಾಗೆ ಹೊಲಕ್ಕಿಳಿದು ನಿಲ್ಲುವುದು ಆಗದು. ಕುರುಚಲು ಕಡಿದರೆ ಅದು ಸದ್ದಿಲ್ಲದೆ ಹೋಗುತ್ತದೆ. ಒಂದೇ ಪೆಟ್ಟು ಬಿದ್ದಾಗ ಒಬ್ಬರು ಬೀದಿಗೆ ಬಂದು ಕೂಗಿದರು, ಇನ್ನೊಬ್ಬರು ಸುಮ್ಮನೆ ಊರು ಬಿಟ್ಟರು. ಕೂಗಿದವರು ಕಂಡರೆಂದು ಎಲ್ಲರೂ ಚೆನ್ನಾಗಿದ್ದಾರೆ ಎಂದು ಬರೆದುಕೊಳ್ಳಬಹುದೇ?

ಹೊಲದ ಕೃಷ್ಣಮೃಗದ ಬದುಕೂ ಸುಖದ್ದಲ್ಲ. ಕಟ್ಟೆಯಿಲ್ಲದ ತೆರೆದ ಬಾವಿಗಳಿವೆ. ಊರ ನಾಯಿಗಳ ಗುಂಪು ಎಳೆ ಮರಿಯನ್ನು ಬೆನ್ನಟ್ಟುತ್ತದೆ. ಆರು ತಿಂಗಳು ಹೊತ್ತು ಒಂದೇ ಒಂದು ಮರಿ ಹಾಕುವ ಪ್ರಾಣಿ ಅದು. ಹುಲ್ಲಿನಲ್ಲಿ ಮರಿಯನ್ನು ಅಡಗಿಸಿಟ್ಟು ತಾಯಿ ಮೇಯಲು ಹೋಗುತ್ತದೆ. ಹುಲ್ಲಿಲ್ಲದ ಕಡೆ ಎಲ್ಲಿ ಅಡಗಿಸಬೇಕು?

ಇಲ್ಲಿಂದ ಮುಂದಿನದು ಎಲ್ಲಕ್ಕಿಂತ ಗಟ್ಟಿಯಾದ ನಂಬಿಕೆ: ಗಿಡ ನೆಡಬೇಕು. ಬೀದರಿನಲ್ಲಿ ಇದನ್ನು ಪ್ರಶ್ನಿಸುವುದು ಕಷ್ಟ. ಕಾಡು ಕಡಿಮೆ ಇರುವ ಜಿಲ್ಲೆ ನಮ್ಮದು, ಬಿಸಿಲಿನ ನಾಡು. ಊರೊಳಗೆ, ರಸ್ತೆ ಬದಿ, ಕೆರೆ ದಂಡೆ, ಶಾಲೆಯ ಅಂಗಳ, ಹೊಲದ ಬದು, ಎಲ್ಲ ಕಡೆ ನೆಡಿ. ನಾನೂ ನೆಟ್ಟಿದ್ದೇನೆ. ಹಳೆಯ ಕಾಡು ಕಡಿದುಹೋದ ಜಾಗದಲ್ಲಿ ಮತ್ತೆ ಕಾಡು ಬರಲಿ. ಆದರೆ ಹುಲ್ಲಿನ ಬಯಲನ್ನು ‘ಬೋಳು’ ಎಂದು ಕರೆದು ಸಾಲಾಗಿ ಗುಂಡಿ ತೋಡಿ ನೀಲಗಿರಿ, ಅಕೇಶಿಯಾ, ಗ್ಲಿರಿಸಿಡಿಯಾ ತುಂಬುವುದು ಕೃಷ್ಣಮೃಗಕ್ಕೆ ಮಾಡುವ ಉಪಕಾರವಲ್ಲ. ಅದರ ಕಣ್ಣು ಕಟ್ಟಿದಂತೆ. ದೇಶದ ಪಾಳುಭೂಮಿ ನಕಾಶೆಗಳು ಹುಲ್ಲುಗಾವಲನ್ನು, ಕುರುಚಲನ್ನು ಪಾಳು ಎಂದೇ ಗುರುತಿಸಿವೆ. ಕಡತದಲ್ಲಿ ಪಾಳು ಎಂದು ಬಿದ್ದ ನೆಲವನ್ನು ‘ಉದ್ಧಾರ’ ಮಾಡಲು ಎಲ್ಲರಿಗೂ ಅನುಮತಿ ಸಿಗುತ್ತದೆ.

ಇದರ ಫಲವನ್ನು ಕರ್ನಾಟಕ ಒಮ್ಮೆ ಕಂಡಿದೆ. ರಾಣೆಬೆನ್ನೂರು ಅಭಯಾರಣ್ಯ 1974ರಲ್ಲಿ ಆದದ್ದು ಕೃಷ್ಣಮೃಗಕ್ಕಾಗಿ, 119 ಚದರ ಕಿಲೋಮೀಟರ್. ಅಲ್ಲಿ ಎರೆಭೂತವೂ ಇತ್ತು, ಎರೆನೆಲದ ಆ ದೊಡ್ಡ ಹಕ್ಕಿ, ದೇಶದಲ್ಲಿ ಇಂದು ಬೆರಳೆಣಿಕೆಗೆ ಬಂದಿರುವುದು. ಆ ಬಯಲಿನ ಬಹುಭಾಗ ನೀಲಗಿರಿ ತೋಪಾಯಿತು. ಎರೆಭೂತ ಅಲ್ಲಿಂದ ಹೋಯಿತು, ಮರಳಿ ಬರಲಿಲ್ಲ. ಬೇಲಿ ಹಾಕಿ, ಕಾವಲು ಇಟ್ಟು, ಅಭಯಾರಣ್ಯ ಎಂದು ಫಲಕ ನೆಟ್ಟ ಜಾಗದಲ್ಲೇ ಮರ ನೆಡುವ ಉತ್ಸಾಹ ಹುಲ್ಲಿನ ಹಕ್ಕಿಯನ್ನು ಓಡಿಸಿತು.

ಇದಕ್ಕೊಂದು ಗಂಭೀರ ಆಕ್ಷೇಪವಿದೆ, ತಿಳಿದವರೇ ಎತ್ತುವುದು. ದಖ್ಖನ್ನಿನ ಹುಲ್ಲುಗಾವಲು ಮೂಲದಲ್ಲಿ ಕಾಡೇ ಆಗಿತ್ತು, ಜನ ಕಡಿದು, ದನ ಮೇಯಿಸಿ ಬೋಳು ಮಾಡಿದರು, ಹಾಗಾಗಿ ಮರ ನೆಡುವುದೆಂದರೆ ಮೊದಲಿದ್ದದ್ದನ್ನು ಮರಳಿ ತರುವುದು ಎಂದು. ಬಹಳ ಕಾಲ ನನಗೂ ಇದು ಸರಿ ಅನಿಸಿತ್ತು. 2025ರಲ್ಲಿ ಆಶಿಷ್ ನೇರ್ಲೇಕರ್ ಮತ್ತು ದಿಗ್ವಿಜಯ್ ಪಾಟೀಲ್ ಪ್ರಕಟಿಸಿದ ಅಧ್ಯಯನ ನನ್ನ ಮನಸ್ಸು ಬದಲಿಸಿತು. ಅವರು ಹೊಸ ಉಪಕರಣ ಏನನ್ನೂ ಹಿಡಿಯಲಿಲ್ಲ, ಹಳೆಯ ಮರಾಠಿ ಓದಿದರು. ಹದಿಮೂರನೆಯ ಶತಮಾನದಿಂದ ಈಚಿನ ಸಂತರ ಚರಿತ್ರೆ, ಹಾಡು, ಕಥನಗಳಲ್ಲಿ ಪಶ್ಚಿಮ ಮಹಾರಾಷ್ಟ್ರದ ನೆಲದ ವರ್ಣನೆ ಎಲ್ಲೆಲ್ಲಿದೆಯೋ ಅಲ್ಲಿ ಬರುವ ಗಿಡಮರಗಳನ್ನು ಪಟ್ಟಿ ಮಾಡಿದರು. ಅಲ್ಲಿ ಎದ್ದು ಕಂಡದ್ದು ದಟ್ಟಡವಿಯ ಮರಗಳಲ್ಲ, ಮುಳ್ಳುಗಿಡ, ಬಯಲಿನ ಮರ, ಹುಲ್ಲು. ಅಂದರೆ ಕನಿಷ್ಠ 750 ವರ್ಷಗಳಿಂದ ಆ ಬಯಲು ಬಯಲೇ. ಬ್ರಿಟಿಷರ ಕೊಡಲಿಗಿಂತ, ರೈಲುಹಳಿಯ ಮರದ ದಿಮ್ಮಿಗಳಿಗಿಂತ ಬಹಳ ಹಿಂದಿನದು. ಭಾಲ್ಕಿ, ಔರಾದು ಅದೇ ಪ್ರಸ್ಥಭೂಮಿಯ ಮೂಡಣ ಮಗ್ಗುಲು. ಅಲ್ಲಿಯದನ್ನು ಇಲ್ಲಿಗೆ ಹಾಗೆಯೇ ಎತ್ತಿ ಇಡಲಾಗದು ಎಂಬುದು ಸರಿ. ನಮ್ಮಲ್ಲಿ ಮಳೆ ಸ್ವಲ್ಪ ಹೆಚ್ಚು, ಇಲ್ಲಿ ಕಾಡಿನ ತುಂಡುಗಳೂ ಇವೆ. ಆದರೆ ‘ಹುಲ್ಲು ಅಂದರೆ ಹಾಳಾದ ಕಾಡು’ ಎಂದು ಕಣ್ಣುಮುಚ್ಚಿ ಹೇಳುವ ಕಾಲ ಮುಗಿಯಿತು. ಇದೇ ಕೆಲಸವನ್ನು ನಮ್ಮವರು ಕನ್ನಡದಲ್ಲಿ ಮಾಡಬೇಕು. ಕಲ್ಯಾಣ ಇರುವುದು ಇದೇ ಜಿಲ್ಲೆಯಲ್ಲಿ, ಹನ್ನೆರಡನೆಯ ಶತಮಾನದಿಂದ ಇಲ್ಲಿ ಬರವಣಿಗೆ ಇದೆ, ಶಾಸನಗಳಿವೆ. ಕೃಷ್ಣಮೃಗ ತಾನಾಗಿ ಅಲೆದಾಡುವ ನೆಲವೇ ಯಜ್ಞಕ್ಕೆ ಯೋಗ್ಯವೆಂದು ಧರ್ಮಶಾಸ್ತ್ರಕಾರರು ನಾಡಿನ ಗಡಿ ಗುರುತಿಸಿದ್ದರು. ಬಿತ್ತನೆಯ ಮಳೆಗೆ ನಮ್ಮ ರೈತರು ಇಂದಿಗೂ ಹೇಳುವ ಮಿರಗ, ಮೃಗಶಿರಾ, ಆ ಹುಲ್ಲೆಯ ತಲೆಯ ನಕ್ಷತ್ರ. ಬಯಲು, ಹುಲ್ಲೆ, ಬೇಸಾಯ ಮೂರೂ ಜೊತೆಯಲ್ಲಿದ್ದ ನೆನಪು ನಮ್ಮ ಮಾತಿನಲ್ಲೇ ಉಳಿದಿದೆ.

ಹಿಡಿದು ಬೇರೆ ಕಡೆ ಬಿಡಿ ಎನ್ನುವವರೂ ಇದ್ದಾರೆ. 2025ರಲ್ಲಿ ಮಧ್ಯಪ್ರದೇಶದ ಶಾಜಾಪುರದ ಹೊಲಗಳಿಂದ ಹೆಲಿಕಾಪ್ಟರ್ ಬಳಸಿ, ಬೋಮಾ ಎಂಬ ಆಫ್ರಿಕದ ಪದ್ಧತಿಯ ಪರದೆಯ ದೊಡ್ಡಿಗೆ ಅಟ್ಟಿ, ನೂರಾರು ಕೃಷ್ಣಮೃಗಗಳನ್ನು ಹಿಡಿದು ಅಭಯಾರಣ್ಯಗಳಿಗೆ ಸಾಗಿಸಿದರು. ಅಲ್ಲಿ ಬಿಡಲು ಜಾಗ ಇತ್ತು. ನಮ್ಮಲ್ಲಿ ಎಲ್ಲಿ ಬಿಡುವುದು? ಬಂಡೀಪುರದ ಮರಗಳ ನಡುವೆ ಬಿಟ್ಟರೆ ಅದು ಚುಕ್ಕೆ ಜಿಂಕೆಯಾಗುವುದಿಲ್ಲ. ‘ಜಿಂಕೆ ಎಲ್ಲ ಒಂದೇ’ ಎಂಬ ತಪ್ಪು ಇಲ್ಲಿ ಪ್ರಾಣಕ್ಕೇ ಎರವಾಗುತ್ತದೆ. ಹುಲ್ಲಿಲ್ಲದೆ ಸಾಗಿಸಿದರೆ ಒಂದು ತಾಲ್ಲೂಕಿನ ರೈತನ ನಷ್ಟ ಇನ್ನೊಂದು ತಾಲ್ಲೂಕಿನ ರೈತನ ತಲೆಗೆ ಹೋಗುತ್ತದೆ, ಅಷ್ಟೇ.

ಕೊಲ್ಲಲು ಪರವಾನಗಿ ಕೊಡಿ ಎಂಬ ಕೂಗಿಗೆ ಕಾನೂನೇ ಉತ್ತರ ಕೊಟ್ಟಿದೆ. ಮೊದಲ ಪಟ್ಟಿಯ ಪ್ರಾಣಿಯನ್ನು ಕೊಲ್ಲಲು ಅನುಮತಿ ಸಿಗುವುದು ಅದು ಮನುಷ್ಯನ ಜೀವಕ್ಕೆ ಅಪಾಯ ತಂದಾಗ, ಇಲ್ಲವೇ ವಾಸಿಯಾಗದ ರೋಗ, ಗಾಯದಿಂದ ನರಳುವಾಗ ಮಾತ್ರ. ಬೆಳೆ ಹಾನಿ ಅದಕ್ಕೆ ಕಾರಣವಾಗಲಾರದು. ತಪ್ಪಿದರೆ ಮೂರರಿಂದ ಏಳು ವರ್ಷ ಸೆರೆ, 2022ರ ತಿದ್ದುಪಡಿಯ ನಂತರ ಕನಿಷ್ಠ 25,000 ರೂಪಾಯಿ ದಂಡ. ಈ ಕಟ್ಟುನಿಟ್ಟು ಇರಲಿ, ಇದೇ ಕೃಷ್ಣಮೃಗವನ್ನು ಉಳಿಸಿದ್ದು. ಆದರೆ ದೇಶದ ಪರವಾಗಿ ಈ ಪ್ರಾಣಿಯನ್ನು ತನ್ನ ಹೊಲದಲ್ಲಿ ಮೇಯಿಸುತ್ತಿರುವವನು ಎರಡು ಮೂರು ಎಕರೆಯ ರೈತ. ಅವನ ಪರಿಹಾರ ಹಂಗಾಮು ಮುಗಿದ ಮೇಲೆ ಬಂದರೆ ಪ್ರಯೋಜನವಿಲ್ಲ. ಎಳೆ ಪೈರು ಹೋದರೆ ಮರುಬಿತ್ತನೆಗೆ ಸಿಗುವ ಅವಧಿ ಕೆಲವೇ ದಿನ. ಆ ದಿನಗಳೊಳಗೆ ಬೀಜವಾದರೂ ಕೈಗೆ ಬರಬೇಕು. ಗ್ರಾಮ ಪಂಚಾಯಿತಿಯಲ್ಲೇ ಅರ್ಜಿ, ಅಲ್ಲೇ ಪರಿಶೀಲನೆ, ರೈತ ಸಂಪರ್ಕ ಕೇಂದ್ರದಲ್ಲೇ ಬೀಜ. ಇದು ಆಗದ ಹೊರತು ಸಂತಪುರದ ಆ ಕಾಕಾನ ಮುಂದೆ ನಿಂತು ಹುಲ್ಲುಗಾವಲಿನ ಮಾತಾಡಲು ನನಗೆ ಬಾಯಿ ಬರುವುದಿಲ್ಲ.

ಆಮೇಲೆ ನೆಲ. ಉಳಿದಿರುವ ಗಾಯರಾಣಗಳ ಸರ್ವೆ ನಂಬರು ತೆಗೆದು, ಯಾವುದು ಹುಲ್ಲು, ಯಾವುದು ಕುರುಚಲು, ಯಾವುದು ನಿಜವಾಗಿ ಕಾಡು ಹೋದ ಜಾಗ ಎಂದು ಮೂರು ಬಗೆಯಾಗಿ ಬರೆದಿಡಬೇಕು. ಮೂರನೆಯದರಲ್ಲಿ ಮಾತ್ರ ಗುಂಡಿ ತೋಡಲಿ. ಹುಲ್ಲಿನ ಜಾಗಕ್ಕೆ ದನ, ಕುರಿ ಬರಲಿ, ಬೇಡವೆಂದು ಯಾರೂ ಹೇಳುತ್ತಿಲ್ಲ. ಮೇಯುವ ದನ ಇರುವಷ್ಟು ಕಾಲ ಅದು ಹುಲ್ಲಾಗಿ ಉಳಿಯುತ್ತದೆ, ಕುರಿಗಾರನಿಗೂ ಹುಲ್ಲೆಗೂ ಅಲ್ಲಿ ಹಳೆಯ ಪರಿಚಯವಿದೆ. ಮರಿ ಹಾಕುವ ಕಾಲದಲ್ಲಿ ಒಂದಷ್ಟು ಜಾಗಕ್ಕೆ ನಾಯಿ ಬಾರದಂತೆ ನೋಡಿದರೆ, ಸುತ್ತಲಿನ ತೆರೆದ ಬಾವಿಗಳಿಗೆ ಕಟ್ಟೆ ಕಟ್ಟಿದರೆ ಸಾಕು. ದೊಡ್ಡ ಯೋಜನೆಯ ಖರ್ಚಿಲ್ಲ.

ಮತ್ತು ಎಣಿಕೆ. ಬೀದರಿನಲ್ಲಿ ಯಾರೇ ಎಣಿಸಲಿ, ಇಲಾಖೆಯವರಾಗಲಿ, ಕಾಲೇಜಿನ ಮಕ್ಕಳಾಗಲಿ, ‘ಜಿಂಕೆ’ ಎಂಬ ಒಂದೇ ಕಲಂ ಬೇಡ. ಕೃಷ್ಣಮೃಗಕ್ಕೊಂದು, ಚಿಂಕಾರಕ್ಕೊಂದು. ಎರಡನೆಯದರಲ್ಲಿ ವರ್ಷಗಟ್ಟಲೆ ಸೊನ್ನೆಯೇ ಬೀಳಬಹುದು. ಸೊನ್ನೆ ಎಂದು ಬರೆಯಲಿ. ಈಗ ಅಲ್ಲಿ ಸೊನ್ನೆಯೂ ಇಲ್ಲ, ಕಲಮ್ಮೇ ಇಲ್ಲ. ಔರಾದಿನ ದಿಬ್ಬದಲ್ಲಿ, ಮುಳ್ಳುಪೊದೆಯ ಆಚೆ ಕಂದು ಬಣ್ಣದ ಒಂಟಿ ಪ್ರಾಣಿ ಕಂಡರೆ ಮೊಬೈಲ್ ತೆಗೆಯುವ ಮುನ್ನ ಎರಡು ಸಂಗತಿ ನೋಡಿ. ತಲೆಯ ಮೇಲೆ ಚಿಕ್ಕ, ನೆಟ್ಟಗಿನ ಕೋಡು ಇದೆಯೇ, ಕಪ್ಪು ಬಾಲ ಆಡುತ್ತಿದೆಯೇ.